ದುಬೈಯಿಂದ ಎಂಟು ಗಂಟೆ ಇಪ್ಪತ್ತು ನಿಮಿಷ

ನನ್ನ ತಲೆ ನೀರೊಳಗಿತ್ತು.

ಮಾಮೂಲಿ ನೀರಲ್ಲ ಸಾರ್. ಹಾಜ್ ಬೂಅಜ್ಜಾನ ಹೆಣ ತೊಳೆದು ಮಿಕ್ಕ ನೀರು! ಕರ್ಪೂರ ಬೆರೆಸಿದ್ದು. ಕಣ್ಣಿಗೂ ಮೂಗಿಗೂ ಒಟ್ಟಿಗೇ ನುಗ್ಗಿತು... ಥೂ! ಇವತ್ತಿಗೂ ಎಲ್ಲಾದರೂ ಕರ್ಪೂರದ ವಾಸನೆ ಬಂದರೆ ನನಗೆ ಅವತ್ತು ಊಟ ಸೇರಲ್ಲ.

ಕತ್ತು ಹಿಡಿದಿದ್ದವನು ಹಮೂ. ಕಸಾಯಿ ಅಂಗಡಿಯವನು. ದಿನಾ ಕುರಿ ಕತ್ತು ಹಿಡಿಯೋ ಕೈ, ನನ್ನದು ಅವನಿಗೆ ಯಾವ ಲೆಕ್ಕ?

"ಸಾಕು. ಎತ್ತು."

ಎತ್ತಿದ. ಎದುರಿಗೆ ಲಾರ್ಬಿ ನಿಂತಿದ್ದ. ಸತ್ತ ಹಾಜ್‌ನ ಖಾಸಾ ತಮ್ಮ. ಮೈಮೇಲೆ ಬಿಳೀ ಜಲ್ಲಾಬ, ನಮ್ಮ ಕಡೆಯ ಉದ್ದ ನಿಲುವಂಗಿ, ಕೈಯಲ್ಲಿ ಜಪಮಾಲೆ, ಮುಖದ ತುಂಬ ದುಃಖ. ದುಃಖ ಕೂಡ ಇಸ್ತ್ರಿ ಹಾಕಿಸಿಕೊಂಡು ಬಂದ ಹಾಗಿತ್ತು.

"ಹೇಳೋ ಅಲ್ಲಾಲ್. ಆ ಹುಡುಗಿ ಎಷ್ಟು ಹೊತ್ತಿಗೆ ಬಂದಿಳೀತಾಳೆ?"

"ಯಾವ ಹುಡುಗಿ?"

ಮತ್ತೆ ನೀರು!

ಈ ಸಲ ಸ್ವಲ್ಪ ಕುಡಿದೇಬಿಟ್ಟೆ. ಹೇಳೋಕೂ ಅಸಹ್ಯ ಆಗುತ್ತೆ.

"ಅಣ್ಣನ ಮಗಳು ಶಾಮಾ," ಅಂದ ಲಾರ್ಬಿ, ನಾನು ಮೇಲೆ ಬಂದು ಕೆಮ್ಮೋದನ್ನ ಮುಗಿಸೋವರೆಗೂ ಕಾದು. "ದುಬೈಯಿಂದ ಬೆಳಗಿನ ವಿಮಾನ ಹತ್ತಿದ್ದಾಳಂತೆ. ಯಾರಿಗೆ ಮೆಸೇಜ್ ಮಾಡಿದ್ದಾಳೆ? ನಿನಗೆ. ಮುಟ್ಟೋದು ಎಷ್ಟಕ್ಕೆ? ನಿನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?"

ಅದು ನಿಜ. ನನಗೆ ಗೊತ್ತಿರುತ್ತೆ. ಒಂದು ಕಾಲಕ್ಕೆ ನಾನು ಕಾಸಾಬ್ಲಾಂಕಾ ಪೊಲೀಸಲ್ಲಿ ಇದ್ದವನು. ಮೇಲಿನವರ ಜೊತೆ ಜಗಳ ಆಗಿ ಮನೆಗೆ ಕಳಿಸಿದರು. ಆಮೇಲೆ ಈ ಕಸುಬು ಹಿಡಿದೆ. ಪರದೇಶದಲ್ಲಿ ಸತ್ತ ನಮ್ಮವರ ಹೆಣ ಊರಿಗೆ ತರಿಸೋದು. ಪೇಪರು, ಪೆಟ್ಟಿಗೆ, ವಿಮಾನ, ಎಲ್ಲ ನನ್ನದೇ. ಪ್ಯಾರಿಸ್ ಮೂರು ಗಂಟೆ, ಮಾಂಟ್ರಿಯಲ್ ಏಳು, ದುಬೈ ಎಂಟು ಗಂಟೆ ಇಪ್ಪತ್ತು ನಿಮಿಷ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ.

"ನನಗೆ ಗೊತ್ತಿಲ್ಲ," ಅಂದೆ.

"ಅಪ್ಪಾ, ಬಿಡಿ ಅವರನ್ನ. ಇದಕ್ಕೆ ಇಷ್ಟೆಲ್ಲ ಯಾಕೆ? ಫೋನಲ್ಲೇ ಇದೆ."

ಮೆಟ್ಟಿಲ ಮೇಲೆ ಕೂತಿದ್ದ ಜವಾದ್ ಹೇಳಿದ. ಲಾರ್ಬಿಯ ಒಬ್ಬನೇ ಮಗ. ಮೂವತ್ತು ವರ್ಷ, ಮೆತ್ತಗಿನ ಮಾತು, ಕೂದಲಿಗೆ ಎಣ್ಣೆ. ದೊಡ್ಡಪ್ಪನ ಚಹಾ ವ್ಯಾಪಾರದಲ್ಲಿ ಓಡಾಡಿಕೊಂಡಿದ್ದವನು. ಫೋನ್ ನೋಡಿಕೊಂಡು ಪಾಠ ಒಪ್ಪಿಸೋ ಹಾಗೆ ಓದಿದ.

"ದುಬೈ ಟು ಕಾಸಾಬ್ಲಾಂಕಾ. ದೂರ ಆರು ಸಾವಿರದ ಎಂಬತ್ತು ಕಿಲೋಮೀಟರ್. ಹಾರಾಟ ಎಂಟು ಗಂಟೆ ಇಪ್ಪತ್ತು ನಿಮಿಷ. ಟೈಮ್ ವ್ಯತ್ಯಾಸ ಮೂರು ಗಂಟೆ. ಹೊರಟಿದ್ದು ಅಲ್ಲಿಯ ಏಳು ಇಪ್ಪತ್ತೈದಕ್ಕೆ. ಅಂದರೆ ಇಲ್ಲಿ ಇಳಿಯೋದು... ಹನ್ನೆರಡು ಮುಕ್ಕಾಲು."

ಲಾರ್ಬಿ ಗೋಡೆ ಗಡಿಯಾರ ನೋಡಿದ. ಒಂಬತ್ತು ಗಂಟೆ.

ನಾನೂ ನೋಡಿದೆ. ನೋಡಿ... ಬಾಯಿಗೆ ಬೀಗ ಹಾಕಿಕೊಂಡೆ!

ಯಾಕೆ ಅಂತೀರಾ? ನಮ್ಮ ದೇಶದ ಗಡಿಯಾರದ ಹುಚ್ಚು ನಿಮಗೆ ಹೇಳಬೇಕು. ವರ್ಷವೆಲ್ಲ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿರ್ತಾರೆ. ರಮಝಾನ್ ಬಂತು ಅಂದರೆ ಅದರ ಹಿಂದಿನ ಭಾನುವಾರ ಒಂದು ಗಂಟೆ ಹಿಂದಕ್ಕೆ. ಆ ವಾರ ಯಾರನ್ನ ಟೈಮ್ ಕೇಳಿ, ಮೊದಲು ಬರೋ ಮಾತು ಒಂದೇ, "ಹಳೇ ಗಂಟೆಯೋ, ಹೊಸ ಗಂಟೆಯೋ?" ಹಾಲಿನವನೂ ಕೇಳ್ತಾನೆ, ಹಲ್ಲಿನ ಡಾಕ್ಟರೂ ಕೇಳ್ತಾನೆ.

ಅವತ್ತು ಅದೇ ಭಾನುವಾರ. ಲಾರ್ಬಿ ಬೆಳಿಗ್ಗೆ ಎದ್ದು ಕುರ್ಚಿ ಹಾಕಿಕೊಂಡು ಗೋಡೆ ಗಡಿಯಾರ ತಾನೇ ತಿರುಗಿಸಿದ್ದ. ಆದರೆ ಮೂರು ಗಂಟೆ ವ್ಯತ್ಯಾಸ ಅನ್ನೋದು ಹಳೇ ಗಂಟೆಗೆ! ಹೊಸ ಗಂಟೆಗೆ ನಾಲ್ಕು. ಶಾಮಾ ಇಳಿಯೋದು ಹನ್ನೆರಡು ಮುಕ್ಕಾಲಿಗಲ್ಲ, ಹನ್ನೊಂದು ಮುಕ್ಕಾಲಿಗೆ.

ಒಂದು ಗಂಟೆ! ಆ ಪಾಪಿ ತಾನಾಗೇ ನನ್ನ ಕೈಗೆ ಒಂದು ಗಂಟೆ ಇಟ್ಟಿದ್ದ.

"ಮಧ್ಯಾಹ್ನದ ನಮಾಜು ಹನ್ನೆರಡು ಐವತ್ತಕ್ಕೆ," ಅಂದ ಲಾರ್ಬಿ, ಬೆರಳು ಮಡಿಸುತ್ತಾ. "ಅದು ಮುಗೀತಿದ್ದ ಹಾಗೇ ಹೆಣದ ಮುಂದೆ ಜನಾಝಾ ನಮಾಜು. ಒಂದೂವರೆಗೆ ಮಣ್ಣು. ಅವಳು ಪಾಸ್‌ಪೋರ್ಟ್, ಪೆಟ್ಟಿಗೆ, ಟ್ಯಾಕ್ಸಿ ಅಂತ ಒದ್ದಾಡಿ ಬರೋ ಹೊತ್ತಿಗೆ ನಾವು ಮನೇಲಿ ಕುಸ್‌ಕುಸ್ ತಿಂತಿರ್ತೀವಿ. ಹಮೂ, ಇವನ ಫೋನ್ ಕಿತ್ಕೋ. ಉಗ್ರಾಣಕ್ಕೆ ಹಾಕು."

ಅಣ್ಣನ ಹೆಣ ಒಳಗಿದೆ, ಇವನಿಗೆ ಕುಸ್‌ಕುಸ್!

ಉಗ್ರಾಣದಲ್ಲಿ ಚಹಾ ಪೆಟ್ಟಿಗೆಗಳ ನಡುವೆ ಕೂತು ಜಲ್ಲಾಬದ ತೋಳಿನಿಂದ ಮುಖ ಉಜ್ಜಿ ಉಜ್ಜಿ ಒರೆಸಿಕೊಂಡೆ. ವಾಸನೆ ಹೋಗಲಿಲ್ಲ.

ನಾನು ಆ ಮನೆಗೆ ಬಂದಿದ್ದಾದರೂ ಯಾಕೆ? ಹಾಜ್ ಬೂಅಜ್ಜಾ ನನಗೆ ಅನ್ನ ಹಾಕಿದವನು. ಕೆಲಸ ಹೋದಾಗ ಇಡೀ ಬೀದಿ ಮುಖ ತಿರುಗಿಸಿಕೊಂಡಿತ್ತು. ಅವನೊಬ್ಬ, "ಬಾರೋ, ಕೂತ್ಕೋ, ಚಹಾ ಕುಡಿ," ಅಂದ. ಹೋದ ಗುರುವಾರ ಅದೇ ಅಂಗಡೀಲಿ ಕೂರಿಸಿಕೊಂಡು ಹೇಳಿದ್ದ. "ಅಲ್ಲಾಲ್, ನನಗಿರೋದು ಒಬ್ಬಳೇ ಮಗಳು. ನಾನು ಸತ್ತರೆ ಕಾನೂನು ಪ್ರಕಾರ ಅವಳಿಗೆ ಅರ್ಧ. ಉಳಿದ ಅರ್ಧ ಗಂಡು ರಕ್ತಸಂಬಂಧಿ ಅಂತ ಲಾರ್ಬಿಗೆ. ಬದುಕಿರೋವಾಗಲೇ ಎಲ್ಲ ಅವಳ ಹೆಸರಿಗೆ ಬರೆದುಬಿಡ್ತೀನಿ. ಸೋಮವಾರ ಬರ್ತೀಯಾ, ಸಾಕ್ಷಿಗೆ?"

ಸೋಮವಾರ. ಶನಿವಾರ ಸಂಜೆಗೇ ಸತ್ತ!

ಹೃದಯ ನಿಂತಿತು ಅಂತ ಲಾರ್ಬಿ ಕರೆಸಿದ ಡಾಕ್ಟರು ಬರೆದುಕೊಟ್ಟ. ಹೊದಿಕೆ ಕೂಡ ಸರಿಸದೆ ಬರೆದ. ಶಾಮಾ ನನಗೆ ಮೆಸೇಜ್ ಹಾಕಿದಳು, "ಮಾಮ, ನಾನು ಬರೋವರೆಗೂ ಅಪ್ಪನ್ನ ಮಣ್ಣು ಮಾಡೋಕೆ ಬಿಡಬೇಡಿ." ಅದನ್ನ ಕೇಳಿಕೊಳ್ಳೋಣ ಅಂತ ಬೆಳಿಗ್ಗೆ ಹೋದೆ. ಬಾಗಿಲಲ್ಲೇ ಸಲ್ಲಾಂ ತಾತ ಸಿಕ್ಕಿದ. ಹೆಣಕ್ಕೆ ಸ್ನಾನ ಮಾಡಿಸೋನು. ಮೈ ಮೇಲೆ ಕಂಡದ್ದನ್ನ ಯಾರಿಗೂ ಹೇಳಬಾರದು, ಅದು ಆ ಕೆಲಸದವರ ವ್ರತ.

"ನಲವತ್ತು ವರ್ಷ ಬಾಯಿ ಬಿಟ್ಟಿಲ್ಲ ಕಣಪ್ಪಾ," ಅಂದ. "ಇವತ್ತು ತಡೆಯೋಕೆ ಆಗ್ತಿಲ್ಲ. ಹಾಜ್‌ನ ಕತ್ತಿನ ಮೇಲೆ ಬೆರಳಿನ ಗುರುತಿದೆ. ಬಾಯೊಳಗೆ ದಿಂಬಿನ ಹತ್ತಿ ಇತ್ತು..."

ಅಷ್ಟರಲ್ಲಿ ಹಮೂ ಬಂದ. ಆಮೇಲೆ ನೀರು.

ಈಗ ಲೆಕ್ಕ ಸರಳ ಸಾರ್. ಮಣ್ಣು ಮುಚ್ಚಿದರೆ ಮುಗೀತು. ಅಗೆದು ತೆಗೆಸೋಕೆ ತಿಂಗಳುಗಟ್ಟಲೆ ಅಲೀಬೇಕು, ಇಡೀ ಬೀದಿ ಅಡ್ಡ ನಿಲ್ಲುತ್ತೆ, ಸಲ್ಲಾಂ ತಾತ ಮತ್ತೆ ಬಾಯಿ ಮುಚ್ಕೋತಾನೆ. ಮಣ್ಣಿಗೆ ಮುಂಚೆ ಶಾಮಾ ಅಲ್ಲಿ ನಿಲ್ಲಬೇಕು. ಅವಳು ರಕ್ತಸಂಬಂಧಿ, ಅವಳ ಸಹಿ ಬಿದ್ದರೆ ಪೊಲೀಸು ತಡೀಬಹುದು. ನನ್ನಂಥವನ ಮಾತಿಗೆ ಯಾವನೂ ಜನಾಝಾ ನಿಲ್ಲಿಸಲ್ಲ.

ಹತ್ತೂ ಮುಕ್ಕಾಲಿಗೆ ಬಾಗಿಲು ತೆರೀತು. ಜವಾದ್. ಕೈಯಲ್ಲಿ ಚಹಾ ಲೋಟ.

"ಕುಡೀರಿ ಮಾಮ. ನಮ್ಮಪ್ಪನ ಕಡೆಯಿಂದ ನಾನು ಕ್ಷಮೆ ಕೇಳ್ತೀನಿ."

ಲೋಟ ಇಟ್ಟು ಹೋದ. ಹೊರಗಡೆ ಚಿಲಕ ಹಾಕಿದ ಸದ್ದು ಬರಲಿಲ್ಲ.

ದಡ್ಡ ಮುಂಡೇದು ಅಂದುಕೊಂಡೆ. ಚಹಾ ಮುಟ್ಟದೆ ಹಿಂದಿನ ಬಾಗಿಲಿಂದ ಹಾರಿದೆ!

*

ಹನ್ನೊಂದು ಮುಕ್ಕಾಲು. ಹೊಸ ಗಂಟೆ.

ಏರ್‌ಪೋರ್ಟಲ್ಲಿ ಕಾಫಿ ಮಾರೋ ಹೆಂಗಸಿನ ಫೋನ್ ಈಸಿಕೊಂಡು ರಹಾಲ್‌ಗೆ ಹಚ್ಚಿದೆ. ನನ್ನ ಜೊತೆ ಇದ್ದವನು, ಈಗ ಇನ್ಸ್‌ಪೆಕ್ಟರ್.

"ಭಾನುವಾರ ಕಣೋ!" ಅಂತ ಕಿರುಚಿದ. "ಮಗಳ ಸಹಿ ಇದೆಯಾ?"

"ಆಕಾಶದಲ್ಲಿದೆ. ಇಳೀತಾ ಇದೆ."

"ಸಹಿ ಮಾಡಿಸಿಕೊಂಡು ಖಬರಸ್ತಾನದ ಗೇಟಿಗೆ ಬಾ. ಅಷ್ಟರಲ್ಲಿ ಪ್ರಾಸಿಕ್ಯೂಟರಿಗೆ ಫೋನ್ ಮಾಡಿರ್ತೀನಿ. ಮಣ್ಣು ಬಿದ್ದಮೇಲೆ ಬಂದೆಯೋ, ನನ್ನ ಹೆಸರು ಎತ್ತಬೇಡ."

ಹನ್ನೆರಡು ಹತ್ತಕ್ಕೆ ಶಾಮಾ ಹೊರಗೆ ಬಂದಳು. ಕೈಯಲ್ಲಿ ಒಂದೇ ಚೀಲ. ಕಣ್ಣು ಊದಿಕೊಂಡಿತ್ತು. ಅಳ್ತಾ ಇರಲಿಲ್ಲ. ಅಳು ಎಲ್ಲ ಆಕಾಶದಲ್ಲೇ ಮುಗಿಸಿ ಬಂದಿದ್ದಳು.

"ಮಾಮ, ನಿಮ್ಮ ಮೈಯಿಂದ ಏನಿದು ವಾಸನೆ? ಕರ್ಪೂರ..."

"ಆಮೇಲೆ ಹೇಳ್ತೀನಿ ತಾಯಿ. ನಡಿ!"

ಪಾರ್ಕಿಂಗಿಂದ ಹೊರಬರೋವಾಗ ಎದುರಿಗೆ ಹಮೂನ ಮಾಂಸದ ವ್ಯಾನು ಒಳಗೆ ಬರ್ತಿತ್ತು! ನಾನು ತಪ್ಪಿಸಿಕೊಂಡದ್ದು ಗೊತ್ತಾಗಿ ಕಳಿಸಿದ್ದಾರೆ. ಹನ್ನೆರಡು ಮುಕ್ಕಾಲಿಗೆ ಇಳಿಯೋ ಹುಡುಗಿಯನ್ನ ತಡೆಯೋಕೆ ಆರಾಮವಾಗಿ ಬರ್ತಿದ್ದ. ಹಲ್ಲಲ್ಲಿ ಕಡ್ಡಿ. ನಮ್ಮನ್ನ ನೋಡಿದ. ಕಡ್ಡಿ ಬಿತ್ತು.

ಹಿಂದೆ ಬಿದ್ದ!

ನನ್ನ ಕಾರಿಗೆ ಹದಿನಾರು ವರ್ಷ. ನೂರು ದಾಟಿದರೆ ಬಾಗಿಲು ಅಲ್ಲಾಡುತ್ತೆ. ಅವನು ಒಂದು ಸಲ ಗುದ್ದಿದ. ಡಿಕ್ಕಿ ಬಾಯಿ ಬಿಟ್ಟುಕೊಂಡಿತು. ಎರಡನೇ ಸಲ ಗುದ್ದಿದ... ಶಾಮಾಳ ಹಣೆ ಮುಂದಿನ ಗಾಜಿಗೆ ಬಡೀತು.

"ನಿಧಾನ ಮಾಡಬೇಡಿ!" ಅಂದಳು. ಹಣೇಲಿ ರಕ್ತ. "ಅಪ್ಪ ತಾನಾಗಿ ಸತ್ತಿದ್ದರೆ ಇವನು ಯಾಕೆ ನಮ್ಮ ಹಿಂದೆ ಬೀಳ್ತಾನೆ? ಯಾರು ಕೊಂದಿದ್ದು? ಚಿಕ್ಕಪ್ಪನೇ ಅಲ್ವಾ?"

ಹೇಳಿದೆ. ಕತ್ತು, ಹತ್ತಿ, ಗಡಿಯಾರದ ತಪ್ಪು ಲೆಕ್ಕ, ಎಲ್ಲ.



"ಕೊಂದವನಿಗೆ ಆಸ್ತೀಲಿ ಒಂದು ಚಮಚ ಕೂಡ ಸಿಗಲ್ಲ," ಅಂದೆ, ಸಮಾಧಾನಕ್ಕೆ. "ಕಾನೂನೇ ಹಾಗಿದೆ. ಅವನು ಸಿಕ್ಕಿಬಿದ್ದರೆ ಎಲ್ಲ ನಿನಗೇ."

ಎಂಥ ತಿಳಿದವನ ಹಾಗೆ ಹೇಳಿದೆ ನೋಡಿ!

"ನನಗೆ ಎಲ್ಲ ಬೇಡ ಮಾಮ. ಅಪ್ಪ ಹೇಗೆ ಸತ್ತರು ಅನ್ನೋದು ಊರಿಗೆ ಗೊತ್ತಾಗಬೇಕು. ಅಷ್ಟೇ. ಅದಿರಲಿ... ನಾನು ಇಳಿಯೋ ಟೈಮ್ ತಪ್ಪು ಲೆಕ್ಕ ಹಾಕಿದ್ದು ಯಾರು?"

"ಜವಾದ್. ಫೋನ್ ನೋಡಿ ಓದಿದ."

"ಜವಾದಾ?" ಅವಳು ನನ್ನ ಕಡೆ ತಿರುಗಿದಳು. "ಚಹಾ ವ್ಯಾಪಾರಕ್ಕೆ ಅಂತ ತಿಂಗಳಿಗೊಂದು ಸಲ ದುಬೈಗೆ ಬರ್ತಾನೆ. ನಮ್ಮನೇಲೇ ಇಳ್ಕೊಳ್ಳೋದು. ಹೋದ ವರ್ಷ ರಮಝಾನ್‌ನಲ್ಲಿ ಗಡಿಯಾರದ ಈ ಗೊಂದಲದಲ್ಲೇ ವಿಮಾನ ತಪ್ಪಿಸಿಕೊಂಡಿದ್ದ. ಅವನು ಅದನ್ನ ಮರೆಯೋಕೆ ಸಾಧ್ಯನೇ ಇಲ್ಲ! ನಿನ್ನೆ ಅಪ್ಪ ಹೋದರು ಅಂತ ನನಗೆ ಫೋನ್ ಮಾಡಿದ್ದೂ ಅವನೇ."

ಆಗಲೇ ನನಗೆ ಹೊಳೀಬೇಕಿತ್ತು. ಆದರೆ ಕನ್ನಡೀಲಿ ಹಮೂನ ವ್ಯಾನು ಮೂರನೇ ಸಲ ದೊಡ್ಡದಾಗ್ತಿತ್ತು.

ಮುಂದೆ ಅಡ್ಡರಸ್ತೆ. ಅಲ್ಲಿ ಇನ್ಯಾರದೋ ಜನಾಝಾ ಹೋಗ್ತಿತ್ತು. ಮುಂದೆ ಹೆಣದ ಗಾಡಿ, ಹಿಂದೆ ಹತ್ತು ಹನ್ನೆರಡು ಕಾರು, ಎರಡು ಮಿನಿಬಸ್ಸು, ಕಿಟಕಿಯೊಳಗಿಂದ ಕಲಿಮಾ ಹೇಳೋ ದನಿ. ನಾನು ಕೈ ಹೊರಗೆ ಹಾಕಿ ಸಲಾಂ ಮಾಡಿ, ಮೆಲ್ಲಗೆ, ಮರ್ಯಾದೆಯಿಂದ ಎರಡು ಕಾರುಗಳ ಮಧ್ಯೆ ಸೇರಿಕೊಂಡೆ. ಪಕ್ಕದಲ್ಲಿ ಹಣೇಲಿ ರಕ್ತ ಸುರಿಸ್ಕೊಂಡು ಕೂತ ಹೆಣ್ಣುಮಗಳು. ಅವರು ದಾರಿ ಬಿಟ್ಟರು.

ಹಮೂ ಬಂದ. ಹಾರ್ನ್ ಹೊಡೆದ!

ಹೆಣದ ಮೆರವಣಿಗೆಗೆ ಹಾರ್ನ್! ಸಾಲದ್ದಕ್ಕೆ ಮಿನಿಬಸ್ಸಿಗೆ ಅಡ್ಡ ನುಗ್ಗಿದ. ಬಸ್ಸು ನಿಂತಿತು. ಇಪ್ಪತ್ತು ಜನ ಇಳಿದರು. ಎಲ್ಲ ಬಂದರಿನ ಹಮಾಲಿಗಳು, ತಮ್ಮ ಮೇಸ್ತ್ರಿಯನ್ನ ಮಣ್ಣು ಮಾಡೋಕೆ ಹೊರಟವರು. ಕೊನೇ ಸಲ ಕನ್ನಡೀಲಿ ನೋಡಿದಾಗ ಹಮೂನ ಕಾಲು ಮಾತ್ರ ಕಾಣ್ತಿತ್ತು. ಮೇಲಕ್ಕಿತ್ತು.

ಅವತ್ತು ನನಗೆ ಖುಷಿ ಆದದ್ದು ಅದೊಂದೇ.

*

ಒಂದು ಇಪ್ಪತ್ತು. ಖಬರಸ್ತಾನದ ಗೇಟಲ್ಲಿ ರಹಾಲ್ ಇಲ್ಲ!

ಒಳಗೆ ದೂರದಲ್ಲಿ ಜನ. ಹೆಣ ಆಗಲೇ ಗುಂಡಿಯ ಪಕ್ಕದಲ್ಲಿತ್ತು. ಸನಿಕೆ ಹಿಡಿದು ಇಬ್ಬರು ನಿಂತಿದ್ದರು.

ಶಾಮಾ ಓಡಿದಳು. ನಾನು ಹಿಂದೆ.

"ಏಯ್! ಹೆಂಗಸರು ಬರೋ ಹಾಗಿಲ್ಲ!" ಯಾರೋ ಕೂಗಿದ.

"ಹೊರಗೆ ನಿಲ್ಲಮ್ಮಾ, ಮರ್ಯಾದೆ ಅಲ್ಲ!" ಇನ್ನೊಬ್ಬ.

ನೂರು ಜನ ಇದ್ದರು ಸಾರ್. ಹಾಜ್‌ನ ಚಹಾ ಕುಡಿದವರು, ಹಾಜ್‌ನ ಉಪ್ಪು ತಿಂದವರು. ಒಬ್ಬನೂ "ಮಗಳು ಕಣ್ರೋ, ಮುಖ ನೋಡಲಿ" ಅನ್ನಲಿಲ್ಲ. ಬೆಳಗಿನ ನೀರಿಗಿಂತ ಇವರೇ ಹೊಲಸು.

ಲಾರ್ಬಿ ತಿರುಗಿ ನೋಡಿದ. ಮುಖದ ಇಸ್ತ್ರಿ ಕೆಟ್ಟುಹೋಯಿತು. ಕೈಗಡಿಯಾರ ನೋಡಿಕೊಂಡ. ಮತ್ತೆ ಅವಳನ್ನ ನೋಡಿದ.

"ಇಳಿಸಿ!" ಅಂದ. "ಏನು ನೋಡ್ತಾ ನಿಂತಿದ್ದೀರಾ? ಬೇಗ ಇಳಿಸಿ!"

ನಾಲ್ಕು ಜನ ಕಫನ್ ಸುತ್ತಿದ ದೇಹ ಎತ್ತಿದರು.

ಆಗ ಅವಳು ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಜನರನ್ನ ತಳ್ಳಿಕೊಂಡು ಹೋಗಿ ಗುಂಡಿಯೊಳಕ್ಕೆ ಹಾರಿಬಿಟ್ಟಳು! ಕೆಮ್ಮಣ್ಣಲ್ಲಿ ಸೊಂಟದವರೆಗೆ ನಿಂತು, ಹಣೆಯ ರಕ್ತ ಒರೆಸಿಕೊಂಡು ಹೇಳಿದಳು.

"ಈಗ ಇಳಿಸಿ ಚಿಕ್ಕಪ್ಪ. ನನ್ನ ಮೇಲೇ ಮಣ್ಣು ಹಾಕಿ. ಹ್ಞೂಂ, ಹಾಕಿ!"

ಸನಿಕೆಯವರು ಸನಿಕೆ ಕೆಳಗಿಟ್ಟರು.

"ಹುಚ್ಚು ಹಿಡಿದಿದೆ ಇವಳಿಗೆ," ಅಂದ ಲಾರ್ಬಿ. "ದುಃಖಕ್ಕೆ. ಎತ್ತಿ ಅವಳನ್ನ."

"ಮುಟ್ಟಬೇಡಿ."

ನಾನಲ್ಲ ಹೇಳಿದ್ದು. ಸಲ್ಲಾಂ ತಾತ. ಗುಂಪಿನ ಹಿಂದಿನಿಂದ ಮುಂದೆ ಬಂದ. "ಹಾಜ್‌ನ ತೊಳೆದವನು ನಾನು. ಈ ಮಗು ಕೇಳ್ತಿದೆ, ಹೇಳ್ತೀನಿ. ದೇವರ ಹತ್ತಿರ ನಾನು ಉತ್ತರ ಕೊಟ್ಕೋತೀನಿ. ಹಾಜ್ ತಾನಾಗಿ ಸಾಯಲಿಲ್ಲ. ದಿಂಬು ಒತ್ತಿ ಸಾಯಿಸಿದ್ದಾರೆ. ಮುಖದ ಬಟ್ಟೆ ಸರಿಸಿ ಕತ್ತು ನೋಡಿ!"

ಆ ಹೊತ್ತಿಗೆ ರಹಾಲ್ ಇಬ್ಬರು ಪೇದೆಗಳ ಜೊತೆ ಏದುಸಿರು ಬಿಡುತ್ತಾ ಬಂದ. ಶಾಮಾ ಗುಂಡಿಯೊಳಗೆ ನಿಂತೇ ದೂರಿಗೆ ಸಹಿ ಹಾಕಿದಳು. ಕಾಗದದ ಮೇಲೆ ಕೆಮ್ಮಣ್ಣಿನ ಹೆಬ್ಬೆಟ್ಟು ಕೂಡ ಬಿತ್ತು.

ಮರುಕ್ಷಣ ನೋಡಬೇಕಿತ್ತು ನೀವು! ಅದೇ ನೂರು ಜನ ಲಾರ್ಬಿಯಿಂದ ಮಾರು ದೂರ ಸರಿದರು. "ನನಗೆ ಮೊದಲೇ ಡೌಟಿತ್ತು" ಅಂದ ಒಬ್ಬ. "ಎದ್ದು ಬಾ ಮಗಳೇ" ಅಂತ ಕೈ ಚಾಚಿದ ಇನ್ನೊಬ್ಬ, ಮರ್ಯಾದೆ ಅಲ್ಲ ಅಂತ ಕೂಗಿದ್ದನಲ್ಲ, ಅವನೇ! ಥೂ ನಿಮ್ಮ ಜನ್ಮಕ್ಕೆ... ಅವಳು ಆ ಕೈ ಹಿಡೀಲಿಲ್ಲ. ನನ್ನ ಕೈ ಹಿಡಿದು ಮೇಲೆ ಬಂದಳು.

ಲಾರ್ಬಿ ಮಾತ್ರ ಮಗನನ್ನೇ ದಿಟ್ಟಿಸ್ತಿದ್ದ.

"ಮೂರು ಗಂಟೆ ಅಂದೆಯಲ್ಲೋ..."

"ಆ ಪೇಜಲ್ಲಿ ಹಾಗೇ ಇತ್ತು ಅಪ್ಪ," ಅಂದ ಜವಾದ್. ಮೆತ್ತಗೆ. ಅಪ್ಪನ ಜಲ್ಲಾಬಕ್ಕೆ ಹತ್ತಿದ್ದ ಮಣ್ಣು ಕೊಡವಿದ.

ಆಗ ನನಗೆ ಎಲ್ಲ ಒಟ್ಟಿಗೇ ಅರ್ಥ ಆಯಿತು. ಶಾಮಾಗೆ ಫೋನ್ ಮಾಡಿದ್ದು. ಹಾಕದ ಚಿಲಕ. ಮೂರು ಗಂಟೆ. ಅಪ್ಪನ್ನ ಬಲೆಗೆ ನೂಕಿದ್ದು ಮಗನೇ! ಆದರೆ ಯಾಕೆ ಅಂತ ಮಾತ್ರ ಹೊಳೀಲಿಲ್ಲ. ದೊಡ್ಡಪ್ಪನ ಮೇಲಿನ ಪ್ರೀತಿ ಇರಬೇಕು ಅಂದುಕೊಂಡೆ. ನಾನೂ ಒಬ್ಬ ಪೊಲೀಸಾಗಿದ್ದೆ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

*

ಲಾರ್ಬಿ ಎರಡೇ ದಿನಕ್ಕೆ ಒಪ್ಪಿಕೊಂಡ. ಹಾಜ್‌ನ ಮರಣದ ಕಾಗದದಲ್ಲಿ 'ಹೃದಯ' ಹೋಗಿ 'ಕೊಲೆ' ಬಂತು. ಶಾಮಾ ಅದನ್ನ ನಾಲ್ಕು ಸಲ ಓದಿ ಎದೆಗೊತ್ತಿಕೊಂಡು ಅತ್ತಳು. ಅವಳಿಗೆ ಬೇಕಾಗಿದ್ದು ಸಿಕ್ಕಿತು. ನಾನು ಅಲ್ಲಿಗೆ ಕತೆ ಮುಗೀತು ಅಂದುಕೊಂಡೆ.

ಈದ್ ಆದ ಮೇಲೆ ಪಾಲು ಓದೋಕೆ ಕರೆದರು. ಆಸ್ತಿ ಪತ್ರ ಬರೆಯೋ ಮುದುಕ ಕನ್ನಡಕ ಏರಿಸಿಕೊಂಡ.

"ಮಗಳು ಶಾಮಾಗೆ ಅರ್ಧ. ತಮ್ಮ ಲಾರ್ಬಿ ಕೊಲೆಗಾರ. ಆದ್ದರಿಂದ ಅವನು ಲೆಕ್ಕಕ್ಕಿಲ್ಲ, ಇಲ್ಲದವನ ಹಾಗೆ."

ನಾನು ಶಾಮಾ ಕಡೆ ನೋಡಿ ತಲೆಯಾಡಿಸಿದೆ. ನಾನು ಹೇಳಿರಲಿಲ್ವಾ ಅನ್ನೋ ಹಾಗೆ.

"ಅವನು ಇಲ್ಲ ಅಂದಮೇಲೆ," ಮುದುಕ ಹಾಳೆ ತಿರುಗಿಸಿದ, "ಮುಂದಿನ ಗಂಡು ರಕ್ತಸಂಬಂಧಿಗೆ ಬರುತ್ತೆ. ತಮ್ಮನ ಮಗ. ಜವಾದ್‌ಗೆ ಉಳಿದ ಅರ್ಧ."

ಜವಾದ್ ಜೇಬಿಂದ ಪೆನ್ನು ತೆಗೆದ. ಸ್ವಂತ ಪೆನ್ನು ತಂದಿದ್ದ!

ಅಪ್ಪ ಸಿಕ್ಕಿಬೀಳದೆ ಹೋಗಿದ್ದರೆ ಆ ಅರ್ಧ ಲಾರ್ಬಿಯ ಕೈಲಿರ್ತಿತ್ತು. ಲಾರ್ಬಿ ಗಟ್ಟಿ ಆಳು, ಇನ್ನೂ ಇಪ್ಪತ್ತು ವರ್ಷ ಬದುಕ್ತಿದ್ದ. ಮಗನಿಗೆ ಅಷ್ಟು ಕಾಯೋ ತಾಳ್ಮೆ ಇರಲಿಲ್ಲ.

ಓಡಿಹೋಗಿ ರಹಾಲ್‌ನ ಕೇಳಿದೆ. "ಇವನ ಮೇಲೆ ಏನಾದರೂ ಕೇಸ್ ಹಾಕೋ!"

"ಏನಂತ ಹಾಕಲಿ? ವಿಮಾನದ ಟೈಮ್ ತಪ್ಪು ಓದಿದ ಅಂತಲಾ? ಅಪ್ಪ ಕೊಲ್ತಾನೆ ಅಂತ ಗೊತ್ತಿತ್ತು ಅನ್ನೋಕೆ ಸಾಕ್ಷಿ ತಾ."

ಇರಲಿಲ್ಲ.

ಹೊರಗೆ ಬಂದರೆ ಜವಾದ್ ನನ್ನ ಕಾರಿಗೆ ಒರಗಿಕೊಂಡು ನಿಂತಿದ್ದ. ಕೂದಲು ಮಿರಮಿರ ಅಂತಿತ್ತು.

"ಮಾಮ, ಶಾಮಾಳ ಪಾಲೂ ನಾನೇ ಕೊಂಡುಕೊಳ್ಳೋಣ ಅಂತ. ಪಾಪ, ದುಬೈಯಲ್ಲಿರೋಳಿಗೆ ಇಲ್ಲಿ ಅಂಗಡಿ ಯಾಕೆ? ನಿಮ್ಮ ಮಾತು ಕೇಳ್ತಾಳೆ, ಸ್ವಲ್ಪ ಹೇಳಿ. ನಿಮ್ಮನ್ನ ಸುಮ್ಮನೆ ಕಳಿಸಲ್ಲ. ಎಷ್ಟಾದರೂ ನಮ್ಮಪ್ಪನ್ನ ಒಳಗೆ ಹಾಕಿಸಿದ್ದು ನಾವಿಬ್ಬರೇ ಅಲ್ವಾ? ನೀವೂ ನಾನೂ ಒಂದೇ ಪಾರ್ಟಿ."

ಒಂದೇ ಪಾರ್ಟಿ!

ಹತ್ತಿರ ಹೋದೆ, ತಬ್ಬಿಕೊಳ್ಳೋನ ಹಾಗೆ. ನನ್ನ ಹಣೆ ಅವನ ಮೂಗಿಗೆ ಸರಿಯಾಗಿ ಸಿಕ್ಕಿತು. ಮೂಳೆ ಮುರಿದ ಸದ್ದು ಎದುರುಗಡೆ ಕೆಫೆಯವರಿಗೂ ಕೇಳಿಸಿತಂತೆ.

ಕೋರ್ಟಲ್ಲಿ ಎಂಟು ಜನ ನನ್ನ ವಿರುದ್ಧ ಸಾಕ್ಷಿ ಹೇಳಿದರು. ಅದೇ ಖಬರಸ್ತಾನದ ಗಿರಾಕಿಗಳು. ಈಗ ಜವಾದ್‌ನ ಅಂಗಡೀಲಿ ಚಹಾ ಕುಡೀತಾರೆ. ಶಾಮಾ ಅವನಿಗೆ ತನ್ನ ಪಾಲು ಮಾರಲಿಲ್ಲ, ನನಗೆ ವಕೀಲನ್ನ ಇಟ್ಟಳು. ಆದರೂ ಎರಡು ತಿಂಗಳು ಜೈಲು ಬಿತ್ತು.

ಹಾಗಾಗಿ ಸಾರ್, ಈ ಕೇಸಲ್ಲಿ ಜೈಲಿಗೆ ಬಂದವರು ಒಟ್ಟು ಇಬ್ಬರು. ಒಬ್ಬ ಲಾರ್ಬಿ, ಅಲ್ಲಿ ಮೂಲೇಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನಲ್ಲ, ಅವನು. ಇನ್ನೊಬ್ಬ ನಾನು.